ಪಾತ್ರೆ ಸಮೇತ

ಹತ್ತರಲ್ಲಿ ಎಷ್ಟು ನೋವು ಎಂದು ಯಾರು ಕೇಳಿದರೂ ತಕ್ಕಡಿಯಪ್ಪ ಎರಡು ಎನ್ನುತ್ತಿದ್ದ. ಡಾಕ್ಟರಮ್ಮನಿಗೂ ಎರಡು, ಸಿಸ್ಟರಿಗೂ ಎರಡು, ಬೆನ್ನು ಬಗ್ಗಿಸಿ ನೋಡುವ ವ್ಯಾಯಾಮದ ಮೇಷ್ಟ್ರಿಗೂ ಎರಡು. ಹೇಳುವಾಗ ಒಂದಿಷ್ಟೂ ತಡವರಿಸುತ್ತಿರಲಿಲ್ಲ. ಸುಳ್ಳು ಹೇಳುವ ಜಾಯಮಾನ ಅವನದಲ್ಲ. ಅದರಲ್ಲೂ ತೂಕದ ವಿಷಯದಲ್ಲಿ ಸುಳ್ಳಾಡಿದರೆ ನಾಲಿಗೆ ಬಿದ್ದುಹೋಗುತ್ತದೆ ಎಂದು ನಂಬಿಕೊಂಡೇ ಮುದುಕನಾದವನು.

ಊರಿಗೆಲ್ಲ ಅವನು ತಕ್ಕಡಿಯಪ್ಪನೇ. ಹೆತ್ತವರು ಇಟ್ಟ ಹೆಸರು ಹೆಂಡತಿಗಾದರೂ ನೆನಪಿದೆಯೋ ಇಲ್ಲವೋ. ಕಾಳಿನ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಅವನ ಅಂಗಡಿ. ಅಂಗಡಿ ಎನ್ನುವುದಕ್ಕಿಂತ ಬಾಗಿಲಿದ್ದ ಗೂಡು ಎಂದರೆ ಸರಿ. ಸೂರಿನ ಕೊಕ್ಕೆಗಳಿಂದ ತಕ್ಕಡಿಗಳು ನೇತಾಡುತ್ತಿದ್ದವು. ಬಾಗಿಲ ಬಳಿ ಕೂತು ಹೆಂಡತಿ ಹಿತ್ತಾಳೆ ತಟ್ಟೆಗಳನ್ನು ಉಜ್ಜುತ್ತಿದ್ದಳು, ಒಳಗೆ ಬೆಳಕಿನ ಕೆಳಗೆ ಅವನು ಮುಳ್ಳು ಸರಿಮಾಡುತ್ತಿದ್ದ. ಬ್ಯಾಟರಿಯ ತಕ್ಕಡಿಗಳು ಬಂದ ಮೇಲೆ ಕೆಲಸ ಕಮ್ಮಿಯಾಗಿತ್ತು. ಉಳಿದಿದ್ದ ದೊಡ್ಡ ಕೆಲಸವೆಂದರೆ ಮಾರುಕಟ್ಟೆಯ ನೆಲದ ತಕ್ಕಡಿ. ಮೂಟೆಗಳನ್ನು ತೂಗುವ ಆ ಕಬ್ಬಿಣದ ಹಲಗೆಯ ಕೆಳಗೆ ಸೊಂಟದಾಳದ ಗುಂಡಿ. ಹೊಸ ಕಾಳು ಬರುವ ಮುಂಚೆ ವರ್ಷಕ್ಕೊಮ್ಮೆ ಹಲಗೆ ಎತ್ತಿಸಿ, ಗುಂಡಿಗಿಳಿದು, ಒಳಗಿನ ಸನ್ನೆಗೋಲುಗಳನ್ನು ಹೊರುವ ಅಲಗುಗಳ ಧೂಳು ತೆಗೆದು, ಎಣ್ಣೆ ಒರೆಸಿ ಮೇಲೆ ಬರಬೇಕು. ಆ ಗುಂಡಿಯಲ್ಲಿ ಕೂತಾಗ ಮೇಲಿನ ಮಾರುಕಟ್ಟೆಯ ಗದ್ದಲವೆಲ್ಲ ದೂರವಾಗುತ್ತದೆ. ಅವನಿಗೆ ಅದು ಬೇರೆಯವರಿಗೆ ತವರುಮನೆ ಇದ್ದ ಹಾಗೆ.

ಹೋದ ವರ್ಷ ಇಳಿದವನು ಹತ್ತಲಾರದೆ ಹೋದ. ಇಬ್ಬರು ಹಮಾಲರು ಕಂಕುಳಿಗೆ ಕೈಹಾಕಿ ಮೂಟೆಯಂತೆ ಎತ್ತಿ ಹೊರಗಿಟ್ಟರು. ಮಾರುಕಟ್ಟೆಗೆ ಮಾರುಕಟ್ಟೆಯೇ ನಿಂತು ನೋಡಿತು. ಈ ವರ್ಷ ಮಾರುಕಟ್ಟೆಯ ಧಣಿ ಕರೆಸಿ ಖಂಡಿತವಾಗಿ ಹೇಳಿದ್ದ: "ನಿಮ್ಮ ಡಾಕ್ಟರು ಹೂಂ ಅಂದ್ರೆ ಇಳೀರಿ. ಇಲ್ಲಾಂದ್ರೆ ಆ ಗುಂಡಿಗೆ ಮಣ್ಣು ಹಾಕಿಸಿ ಬ್ಯಾಟರಿ ತಕ್ಕಡಿ ಇಡಿಸ್ತೀನಿ. ನನ್ನ ಮಾರುಕಟ್ಟೇಲಿ ನೀವು ಬಿದ್ದು ಸಾಯೋದು ಬೇಡ."

ಹಾಗಾಗಿ ತಕ್ಕಡಿಯಪ್ಪನಿಗೆ ಬೇಕಿದ್ದದ್ದು ಒಂದು ಹೂಂ.

ಬಡಾವಣೆಯ ಆಸ್ಪತ್ರೆಯನ್ನು ಅವನು ಬಹಳ ಕಾಲದಿಂದ ಬಲ್ಲ. ಮೊದಲು ಒಂದೇ ಕೋಣೆ, ಒಬ್ಬರೇ ಡಾಕ್ಟರು. "ಎಲ್ಲಿ ನೋವು?" ಎಂದು ಕೇಳಿ, ಬೆರಳು ತೋರಿಸುವಷ್ಟರಲ್ಲಿ ಮಾತ್ರೆ ಬರೆದು, ಮುಂದಿನವರನ್ನು ಕರೆಯುತ್ತಿದ್ದರು. ಈಗ ಬಂದಿರುವ ಡಾಕ್ಟರಮ್ಮ ಬೇರೆಯದೇ ಪದ್ಧತಿ ತಂದಿದ್ದಳು. ಹಳೆಯ ನೋವಿನವರಿಗೆಂದೇ ವಾರದಲ್ಲೊಂದು ದಿನ. ಹಿಂದಿನ ಕೋಣೆಯಲ್ಲಿ ಚೌಕದ ಮೇಜು. ಅದರ ಸುತ್ತ ಡಾಕ್ಟರಮ್ಮ, ದೊಡ್ಡ ಸಿಸ್ಟರ್, ವ್ಯಾಯಾಮದ ಮೇಷ್ಟ್ರು, ಔಷಧಿ ಕಿಟಕಿಯಲ್ಲಿ ಕೂರುವ ಮಾತ್ರೆಯಮ್ಮ. ಅವರ ನಡುವೆ ರೋಗಿ. ರೋಗಿ ಇಲ್ಲದೆ ರೋಗಿಯ ಮಾತಾಡಬಾರದು ಎನ್ನುವುದು ಅವರ ಕಟ್ಟಳೆ. ಇದನ್ನು ಕೇಳಿದಾಗಿನಿಂದ ತಕ್ಕಡಿಯಪ್ಪನಿಗೆ ಒಂದೇ ಕುತೂಹಲ. ಒಬ್ಬನ ಒಂದು ನೋವನ್ನು ನಾಲ್ಕು ಮಂದಿ ಹೇಗೆ ಹೊರುತ್ತಾರೆ? ನೆಲದ ತಕ್ಕಡಿಯ ನಾಲ್ಕು ಮೂಲೆಯ ಸನ್ನೆಗೋಲುಗಳು ಮೂಟೆಯ ಭಾರವನ್ನು ಹಂಚಿಕೊಂಡು ಕೊನೆಗೆ ಒಂದೇ ಮುಳ್ಳಿಗೆ ಒಪ್ಪಿಸುತ್ತವೆ. ಇವರಲ್ಲಿ ಮುಳ್ಳು ಯಾರು?

ತನ್ನ ಸರದಿಯ ದಿನ ಹೆಂಡತಿಯೊಡನೆ ಹೋದ. ಸಿಸ್ಟರ್ ಎರಡು ಕುರ್ಚಿ ಎಳೆದರು.

"ಬನ್ನಿ ಯಜಮಾನ್ರೇ. ಅಮ್ಮಾ, ನೀವೂ ಕೂತ್ಕೊಳ್ಳಿ."

"ನನಗೇನೂ ನೋವಿಲ್ಲಮ್ಮ, ನಾನು ಆಚೆ ಇರ್ತೀನಿ."

"ಇವರ ನೋವಿನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೀರಲ್ಲ, ಕೂತ್ಕೊಳ್ಳಿ."

ಹೆಂಡತಿಗೆ ಈ ಮಾತು ಬಹಳ ಹಿಡಿಸಿತು. ಸೆರಗು ಸರಿಮಾಡಿಕೊಂಡು, ಎಲ್ಲರಿಗಿಂತ ಮೊದಲು ತಾನೇ ಅಧ್ಯಕ್ಷೆ ಎನ್ನುವಂತೆ ಕೂತಳು.

ಡಾಕ್ಟರಮ್ಮ ಕೇಳಿದಳು: "ನೋವಿನ ಸುದ್ದಿ ಆಮೇಲೆ ಮಾತಾಡೋಣ. ನಿಮಗೆ ಏನು ಮಾಡೋಕಾಗ್ಬೇಕು, ಅದನ್ನ ಹೇಳಿ ಮೊದಲು."

"ಗುಂಡಿಗೆ ಇಳೀಬೇಕು."

ನಾಲ್ವರೂ ಮುಖ ಮುಖ ನೋಡಿಕೊಂಡರು.

"ಅಯ್ಯೋ, ಬಿಡಿಸಿ ಹೇಳ್ರೀ," ಎಂದಳು ಹೆಂಡತಿ. "ಬೇರೆ ಗುಂಡಿ ಅನ್ಕೊಂಡು ಹೆದರ್ಕೊಂಡ್ರು ಪಾಪ."

ತಕ್ಕಡಿಯಪ್ಪ ಬಿಡಿಸಿ ಹೇಳಿದ. ಹಲಗೆ, ಅಲಗು, ಎಣ್ಣೆ, ಹಮಾಲರು, ಧಣಿಯ ಮಾತು. ವ್ಯಾಯಾಮದ ಮೇಷ್ಟ್ರು ಮೇಜಿನ ಮೇಲೆ ಬೆರಳಲ್ಲೇ ಗುಂಡಿಯ ಚಿತ್ರ ಬರೆದು, ಎಷ್ಟು ಆಳ, ಕಾಲು ಎಲ್ಲಿ ಊರುತ್ತೀರಿ ಎಂದೆಲ್ಲ ಕೇಳಿದರು. ಡಾಕ್ಟರಮ್ಮ ಹಿಂದೆ ತೆಗೆಸಿದ್ದ ಎಕ್ಸ್‌ರೇ ಫೋಟೋಗಳನ್ನು ಬೆಳಕಿಗೆ ಹಿಡಿದು ತೋರಿಸಿದಳು. "ಮೂಳೆ ಸವೆದಿರೋದು ವಯಸ್ಸಿಗೆ ತಕ್ಕ ಹಾಗಿದೆ. ಮುರಿದಿಲ್ಲ, ನರ ಒತ್ತಿಲ್ಲ, ಹೆದರೋ ಅಂಥದ್ದು ಯಾವುದೂ ಇಲ್ಲ. ಬಂದ ನೋವು ವಾಪಸ್ ಹೋಗೋದನ್ನ ಮರೆತಿದೆ, ಅಷ್ಟೆ."

"ಸ್ಪ್ರಿಂಗ್ ತಕ್ಕಡಿ ಹಾಗೆ," ಎಂದ ತಕ್ಕಡಿಯಪ್ಪ. "ಬಹಳ ದಿನ ಭಾರ ತೂಗುಬಿಟ್ಟರೆ, ಭಾರ ಇಳಿಸಿದ್ರೂ ಮುಳ್ಳು ಸೊನ್ನೆಗೆ ಬರಲ್ಲ."

"ಹಾಂ! ಹೆಚ್ಚು ಕಮ್ಮಿ ಹಾಗೇ. ಅಂಥ ಸ್ಪ್ರಿಂಗಿಗೆ ಏನು ಮಾಡ್ತೀರಿ?"

"ತೆಗೆದು ಬಿಸಾಕಿ ಹೊಸದು ಹಾಕ್ತೀನಿ."

"ಇಲ್ಲಿ ಅದಾಗಲ್ಲ," ಎಂದು ಡಾಕ್ಟರಮ್ಮ ನಕ್ಕಳು.

ಸಿಸ್ಟರ್ ಮಾತು ತೆಗೆದರು. "ಎಲ್ಲರ ಹತ್ರಾನೂ ಎರಡು ಅಂದಿದ್ದೀರಿ. ಹೌದಾ?"

"ಹೌದು." ತಕ್ಕಡಿಯಪ್ಪನಿಗೆ ಒಳಗೊಳಗೇ ಹೆಮ್ಮೆ. ನೆಲದ ತಕ್ಕಡಿಯನ್ನು ಪರೀಕ್ಷೆ ಮಾಡುವುದು ಹಾಗೆಯೇ. ಒಂದೇ ತೂಕದ ಕಲ್ಲನ್ನು, ಅಂದರೆ ಬಟ್ಟನ್ನು, ಒಂದೊಂದು ಮೂಲೆಯಲ್ಲಿ ಇಟ್ಟು ನೋಡಬೇಕು, ನಾಲ್ಕೂ ಕಡೆ ಒಂದೇ ತೂಕ ತೋರಿಸಿದರೆ ತಕ್ಕಡಿ ಪಾಸು. ತಾನು ಪಾಸಾದೆ ಎಂದುಕೊಂಡ. ಇನ್ನೇನು ಹೂಂ ಬಂದೇ ಬಂತು.

"ಎರಡೇ ಆದ್ರೆ," ಎಂದಳು ಮಾತ್ರೆಯಮ್ಮ. ಅಲ್ಲಿಯವರೆಗೆ ಆಕೆ ತುಟಿ ಬಿಚ್ಚಿರಲಿಲ್ಲ. "ಎರಡೇ ಆದ್ರೆ ತಿಂಗಳ ಮಾತ್ರೆ ತಿಂಗಳಿಗೆ ಮುಂಚೆ ಯಾಕೆ ಮುಗಿಯುತ್ತೆ ಯಜಮಾನ್ರೇ? ಹೋದ ಸಲಾನೂ ಬೇಗ ಬಂದ್ರಿ, ಅದರ ಹಿಂದಿನ ಸಲಾನೂ ಬೇಗ ಬಂದ್ರಿ. ಆ ಮಾತ್ರೆ ಹೆಚ್ಚಾದ್ರೆ ಹೊಟ್ಟೆ ಹುಣ್ಣಾಗುತ್ತೆ, ಮೂತ್ರಪಿಂಡಕ್ಕೂ ಒಳ್ಳೇದಲ್ಲ."

"ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ," ಎಂದರು ಮೇಷ್ಟ್ರು. "ಎರಡು ಇರೋರು ಕುರ್ಚಿಯಿಂದ ಏಳುವಾಗ ಮೇಜು ಹಿಡ್ಕೊಳ್ಳಲ್ಲ."

"ಚಪ್ಪಲಿ ನಾನೇ ಹಾಕೋದು ಇವರಿಗೆ," ಎಂದಳು ಹೆಂಡತಿ, ಕೇಳದಿದ್ದರೂ.

"ನೀನು ಸುಮ್ನಿರು."

"ಕೂತ್ಕೋ ಅಂದಿದ್ದು ಅವರು. ಸುಮ್ನಿರೋಕೆ ಕೂರಿಸಿದ್ರಾ?"

ಸಿಸ್ಟರ್ ಕೈ ಎತ್ತಿ ತಡೆದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಗದ ತಿರುಪನ್ನು ಹುಡುಕುವವರ ಮುಖ ಅದು. ಆ ಮುಖ ತಕ್ಕಡಿಯಪ್ಪನಿಗೆ ಚೆನ್ನಾಗಿ ಗೊತ್ತು. "ಯಜಮಾನ್ರೇ, ನೀವು ಸುಳ್ಳು ಹೇಳೋರಲ್ಲ. ಅದು ನನಗೆ ಗೊತ್ತು. ಆದ್ರೆ ಈ ಎರಡನ್ನ ಹೇಗೆ ತೂಗಿದ್ರಿ? ಅದನ್ನ ಹೇಳಿ."

ಇಷ್ಟು ವರ್ಷದಲ್ಲಿ ಯಾರೂ ಅವನನ್ನು ಹೀಗೆ ಕೇಳಿರಲಿಲ್ಲ.

"ಹೇಗೆ ಅಂದ್ರೆ... ದಿನಾ ಇರೋದನ್ನ ಕಳೆದು, ಮಿಕ್ಕಿದ್ದು ಎರಡು."

"ದಿನಾ ಇರೋದು ಎಷ್ಟು?"

ತಕ್ಕಡಿಯಪ್ಪ ಕಣ್ಣು ಪಿಳಿಪಿಳಿ ಬಿಟ್ಟ. "ಅದನ್ನೂ ಹಿಡೀಬೇಕಾ? ಅದು ಪಾತ್ರೆ ಅಲ್ವಾ?"

ಯಾರಿಗೂ ಅರ್ಥವಾಗಲಿಲ್ಲ. ಅವನು ಮೇಜಿನ ಮೇಲಿದ್ದ ನೀರಿನ ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡ. "ಎಣ್ಣೆ ತರೋಕೆ ಪಾತ್ರೆ ತಗೊಂಡು ಹೋಗ್ತೀರಿ. ಅಂಗಡಿಯವನು ಮೊದಲು ಖಾಲಿ ಪಾತ್ರೆ ಇಟ್ಟು ಮುಳ್ಳನ್ನ ಸೊನ್ನೆಗೆ ತರ್ತಾನೆ. ಆಮೇಲೆ ಎಣ್ಣೆ ಹುಯ್ತಾನೆ. ಪಾತ್ರೆ ನಿಮ್ಮದು, ಅದರ ತೂಕ ಯಾರಿಗೆ ಬೇಕು? ಈ ನೋವು ನನ್ನ ಜೊತೆ ಬಂದು ಎಷ್ಟೋ ಕಾಲ ಆಯ್ತು. ಬೆಳಗ್ಗೆ ಎದ್ದ ತಕ್ಷಣ ಇರುತ್ತೆ. ಅದು ನಂದೇ ಪಾತ್ರೆ. ಅದರ ಮೇಲೆ ಆ ದಿನ ಎಷ್ಟು ಬಿತ್ತೋ ಅದನ್ನ ಹೇಳ್ದೆ."

ಮೊದಲು ಮಾತ್ರೆಯಮ್ಮನಿಗೆ ನಗು ಬಂತು. ಅವಳು ಬಾಯಿಗೆ ಕೈ ಅಡ್ಡ ಹಿಡಿದದ್ದು ನೋಡಿ ಮೇಷ್ಟ್ರಿಗೂ ಬಂತು. ಕೊನೆಗೆ ತಕ್ಕಡಿಯಪ್ಪನಿಗೇ ಬಂತು. ತಟ್ಟೆಯ ಮೇಲೆ ಕಲ್ಲು ಮರೆತು ಸೊನ್ನೆ ಹಿಡಿಯುವವರನ್ನು ಅವನು ಜೀವಮಾನವಿಡೀ ಬೈದಿದ್ದ.

"ಪಾತ್ರೆ ಸಮೇತ ಹೇಳಿ," ಎಂದಳು ಡಾಕ್ಟರಮ್ಮ, ಮೆಲ್ಲಗೆ.

ಅವನು ಕಣ್ಣುಮುಚ್ಚಿ ಸೊಂಟದ ಕಡೆ ಗಮನ ಹರಿಸಿದ. ಎಂದೂ ನೋಡದ ಕೋಣೆಯ ಬಾಗಿಲು ತೆರೆದ ಹಾಗಾಯಿತು. "ಏಳು," ಎಂದ. ಹೇಳಿದ ಮೇಲೆ ಹೆದರಿಕೆಯಾಯಿತು. ಏಳು ಎಂದವನಿಗೆ ಯಾರು ಹೂಂ ಅಂತಾರೆ?

ಹೆಂಡತಿ ತಲೆ ತಗ್ಗಿಸಿ ಸೆರಗಿನ ಅಂಚನ್ನು ಮಡಚುತ್ತ ಕೂತಳು.

"ಈಗ ಇಳೀಬೇಡ ಅಂತೀರಿ," ಎಂದ ಅವನು.

"ಬೇಡ ಅಂತ ಅಂದಿಲ್ಲ," ಎಂದಳು ಡಾಕ್ಟರಮ್ಮ. "ಹೂಂ ಅಂತಾನೂ ಅಂದಿಲ್ಲ. ಏಳನ್ನ ಸೊನ್ನೆ ಮಾಡ್ತೀವಿ ಅಂತ ನಾವು ಯಾರೂ ಮಾತು ಕೊಡಲ್ಲ. ಏಳನ್ನ ಇಟ್ಕೊಂಡೇ ಏನೇನು ಮಾಡಬಹುದು ಅಂತ ನೋಡೋಣ. ಆದ್ರೆ ಯಾವಾಗ ಏರುತ್ತೆ, ಯಾವಾಗ ಇಳಿಯುತ್ತೆ ಅನ್ನೋದು ನಮಗೆ ಗೊತ್ತಾಗಬೇಕು. ಅದನ್ನ ಓದೋಕೆ ನಿಮ್ಮ ಬಿಟ್ಟು ಬೇರೆ ಯಾರಿಗೂ ಆಗಲ್ಲ. ಮುಂದಿನ ಮೇಜಿನ ದಿನದವರೆಗೆ ಪಾತ್ರೆ ಸಮೇತ ತೂಗ್ತಾ ಇರಿ. ಮಾತ್ರೆ ಮಾತ್ರ ಇವರು ಹೇಳಿದ ಹೊತ್ತಿಗೆ, ಹೇಳಿದಷ್ಟೇ."

ಮಾತ್ರೆಯಮ್ಮ ಬೆರಳು ತೋರಿಸಿ, "ನೋವು ಜಾಸ್ತಿ ಆಯ್ತು ಅಂತ ಇನ್ನೊಂದು ಬಾಯಿಗೆ ಹಾಕ್ಕೊಂಡ್ರೋ, ಅಮ್ಮ ನನಗೆ ಹೇಳ್ತಾರೆ," ಎಂದಳು.

"ಹೇಳದೆ ಇರ್ತೀನಾ!" ಎಂದಳು ಹೆಂಡತಿ.

ಮನೆಗೆ ಹೋಗುವ ದಾರಿಯಲ್ಲಿ ಬೇಕರಿಯ ಮುಂದೆ ಅವಳು ನಿಂತಳು. "ಅಲ್ರೀ, ಏಳಿತ್ತಾ?"

"ಇತ್ತು."

"ನಾನು ಎರಡು ಅಂತಲೇ ತಿಳ್ಕೊಂಡಿದ್ದೆ. ಎರಡಕ್ಕೆ ಇಷ್ಟು ಮುಖ ಸಿಂಡರಿಸ್ತಾರಲ್ಲ ಈ ಮನುಷ್ಯ ಅಂತ ಎಷ್ಟು ಸಲ ಬೈದಿದ್ದೀನಿ." ಸೆರಗಿನಿಂದ ಮೂಗು ಒರೆಸಿಕೊಂಡು, "ಹೇಳೋಕೇನಾಗಿತ್ತು ನಿಮಗೆ, ದೊಡ್ಡ ರೋಗ?" ಎಂದು ಗದರಿದಳು.

ಮಾರನೆಯ ದಿನದಿಂದ ತಕ್ಕಡಿಯಪ್ಪನಿಗೆ ಹೊಸ ಹುಚ್ಚು ಹಿಡಿಯಿತು. ಮೊದಲು ಅವನ ಪಾಲಿಗೆ ನೋವು ಎಂದರೆ ಬಾಗಿಲಲ್ಲಿ ಬಿದ್ದುಕೊಂಡ ನಾಯಿ. ದಾಟಿಕೊಂಡು ಓಡಾಡುವುದು, ಮುಖ ನೋಡುವುದಿಲ್ಲ. ಈಗ ಕೂತು ನೋಡತೊಡಗಿದ. ನೋಡಿದಷ್ಟೂ ವಿಚಿತ್ರ. ಬೆಳಗ್ಗೆ ಎದ್ದಾಗ ಏಳು ಇದ್ದದ್ದು ಮುಖ ತೊಳೆಯುವಷ್ಟರಲ್ಲಿ ಆರಾಗುತ್ತಿತ್ತು. ಮೇಷ್ಟ್ರು ಹೇಳಿಕೊಟ್ಟಂತೆ ಗೋಡೆಗೆ ಬೆನ್ನು ಕೊಟ್ಟು ಮೆಲ್ಲಗೆ ಜಾರಿ ಎದ್ದರೆ ಮೊದಲು ಏರಿ ಆಮೇಲೆ ಇಳಿಯುತ್ತಿತ್ತು. ಸಣ್ಣ ಮುಳ್ಳನ್ನು ಸರಿಮಾಡುತ್ತ ಮೈಮರೆತಾಗ ಐದಕ್ಕೂ ಬಂದದ್ದುಂಟು. ಸಾಲ ಕೇಳಲು ಬರುವ ತಮ್ಮ ಬಾಗಿಲಲ್ಲಿ ಕಂಡರೆ, ಎದ್ದಿಲ್ಲ ಕೂತಿಲ್ಲ, ಸುಮ್ಮನೆ ಒಂದು ಅಂಕ ಮೇಲೆ.

"ಲೇ, ಇದಕ್ಕೆ ಕಣ್ಣೂ ಇದೆ ಕಣೇ," ಎಂದ ಹೆಂಡತಿಗೆ.

"ನಿಮ್ಮ ತಮ್ಮನ್ನ ಕಂಡ್ರೆ ನನಗೂ ಸೊಂಟ ಹಿಡ್ಕೊಳ್ಳುತ್ತೆ. ಅದಕ್ಕೆ ಡಾಕ್ಟರು ಬೇಕಾ?"

ಮುಂದಿನ ಮೇಜಿನ ದಿನ ಬರುವಷ್ಟರಲ್ಲಿ ಒಂದು ದಿನ ಮಧ್ಯಾಹ್ನ ವ್ಯಾಯಾಮದ ಮೇಷ್ಟ್ರೇ ಮಾರುಕಟ್ಟೆಗೆ ಬಂದರು. ಗುಂಡಿಯನ್ನು ಕಣ್ಣಾರೆ ನೋಡಬೇಕೆಂದು ಅವರ ಹಟ. ಆ ದಿನ ಗುಂಡಿಯ ಕೆಲಸವಿರಲಿಲ್ಲ. ಮೂಲೆ ಪರೀಕ್ಷೆ ಮಾಡಿ ತೋರಿಸುತ್ತೇನೆ ಎಂದು ತಕ್ಕಡಿಯಪ್ಪ ಪೆಟ್ಟಿಗೆಯಿಂದ ತನ್ನ ಹತ್ತು ಕಿಲೋ ಬಟ್ಟನ್ನು ತೆಗೆದ. ಸುತ್ತಿದ ಬಟ್ಟೆ ಬಿಚ್ಚಿದರೆ ಕನ್ನಡಿಯ ಹಾಗೆ ಹೊಳೆಯುವ ಬಟ್ಟು. ಹಲಗೆಯ ಒಂದು ಮೂಲೆಯಲ್ಲಿಟ್ಟ, ಮುಳ್ಳು ನೋಡಿದ, ಎತ್ತಿಕೊಂಡ. ಅಷ್ಟರಲ್ಲಿ ಒಬ್ಬ ವ್ಯಾಪಾರಿ ಬಂದು ಹೋದ ವಾರದ ತೂಕದ ತಕರಾರು ತೆಗೆದ. ಇನ್ನೊಬ್ಬ ಬಂದು ಅವನಿಗೆ ಜವಾಬು ಕೊಟ್ಟ. ಮೂರನೆಯವನು ಚಹಾ ತರಿಸಿದ. ಮಾತಿಗೆ ಮಾತು ಬೆಳೆಯಿತು. ಮೇಷ್ಟ್ರು ಗುಂಡಿಯ ಸುದ್ದಿ ಬಿಟ್ಟು ತಕ್ಕಡಿಯಪ್ಪನನ್ನೇ ನೋಡುತ್ತ ನಿಂತರು.

ತಕ್ಕಡಿಯಪ್ಪ ಅಷ್ಟು ಹೊತ್ತೂ ಬಟ್ಟನ್ನು ಬಲಸೊಂಟಕ್ಕೆ ಆನಿಸಿಕೊಂಡು ನಿಂತಿದ್ದ. ಕೂಸನ್ನು ಎತ್ತಿಕೊಂಡವರ ಹಾಗೆ. ಎಡಗೈಯಲ್ಲಿ ಚಹಾ.

"ಯಜಮಾನ್ರೇ, ಈಗ ಎಷ್ಟು?"

ತಕ್ಕಡಿಯಪ್ಪ ನಿಂತಲ್ಲೇ ಓದಿದ. ಬೆರಗಾದ. "ಎಂಟು. ಅಲ್ಲ, ಒಂಬತ್ತು ಹತ್ರ!"

"ಬಂದಾಗ?"

"ಆರು."

"ಅದನ್ನ ಕೆಳಗಿಡಬಾರದಾ?"

"ಉಂಟೇ! ಪರೀಕ್ಷೆ ಬಟ್ಟು ನೆಲ ಮುಟ್ಟಬಾರದು. ಮಣ್ಣು ಮೆತ್ತಿದ್ರೆ ತೂಕ ಹೆಚ್ಚುತ್ತೆ, ಕಲ್ಲಿಗೆ ಉಜ್ಜಿದ್ರೆ ತೂಕ ಇಳಿಯುತ್ತೆ. ನನ್ನ ಗುರು ಮೊದಲ ದಿನ ಹೇಳಿಕೊಟ್ಟಿದ್ದೇ ಅದು. ನೀನು ಬಿದ್ರೂ ಬಟ್ಟು ಬೀಳಬಾರದು ಅಂದಿದ್ರು. ಪೆಟ್ಟಿಗೆ ಇಲ್ಲಾಂದ್ರೆ ಮೈ. ಮೂಲೆ ಬದಲಾಯಿಸುವಾಗ ಹಲಗೆ ಮೇಲೂ ಬಿಡೋ ಹಾಗಿಲ್ಲ, ಮುಳ್ಳು ಸೊನ್ನೆಗೆ ಬರಬೇಕಲ್ಲ."

"ಗುಂಡಿ ಕೆಲಸ ಮಾಡೋ ದಿನಾನೂ ಮೊದಲು ಈ ಪರೀಕ್ಷೇನೇ?"

"ಮೊದಲು ಇದೇ. ಇಳಿಯೋಕೆ ಮುಂಚೆ ಒಂದು ಸಲ. ಮೂಲೆ ಮೂಲೆಗೂ ಹೀಗೇ ತಕರಾರು."

ಮೇಷ್ಟ್ರು ತಲೆ ಕೆರೆದುಕೊಂಡರು. ಹೋದ ವರ್ಷ ಗುಂಡಿಯಿಂದ ಹತ್ತಲಾಗದ್ದು ಗುಂಡಿಯ ತಪ್ಪು ಎಂದು ಎಲ್ಲರೂ ತಿಳಿದಿದ್ದರು. ಇಳಿಯುವ ಮುಂಚೆಯೇ ಸೊಂಟದ ಶಕ್ತಿಯೆಲ್ಲ ಮುಗಿದಿತ್ತೇ?

ಮೇಜಿನ ದಿನ ಇದೇ ಮಾತು ಎದ್ದಿತು. ಬಟ್ಟನ್ನು ನೆಲಕ್ಕಿಡಿ ಎಂದು ಡಾಕ್ಟರಮ್ಮ ಹೇಳಿ ನೋಡಿದಳು. ತಕ್ಕಡಿಯಪ್ಪನ ಮುಖ ಕಲ್ಲಾಯಿತು. ಪ್ರತಿಸಲ ಪೆಟ್ಟಿಗೆಗೇ ವಾಪಸ್ ಇಡಿ ಎಂದರು ಸಿಸ್ಟರ್. ಪೆಟ್ಟಿಗೆ ನೆಲದ ಮೇಲಿರುತ್ತದೆ, ಬಗ್ಗಿ ಬಗ್ಗಿ ಎತ್ತುವುದು ಇನ್ನೂ ಕೆಟ್ಟದ್ದು ಎಂದರು ಮೇಷ್ಟ್ರು. ನಾಲ್ಕು ತಲೆಗಳೂ ಮೇಜಿನ ಮೇಲೆ ಬಾಗಿದ್ದವು. ತಕ್ಕಡಿಯಪ್ಪ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಕೂತ. ತನ್ನ ಸೊಂಟಕ್ಕಾಗಿ ಇಷ್ಟು ಜನ ಹುಬ್ಬು ಗಂಟಿಕ್ಕುವುದು ಅವನಿಗೆ ತೀರ ಹೊಸದು.

"ನಿಮ್ಮ ಗುರುಗಳು ಸ್ಟೂಲ್ ಬೇಡ ಅಂದಿದ್ರಾ?" ಎಂದಳು ಹೆಂಡತಿ.

ಎಲ್ಲರೂ ತಿರುಗಿದರು.

"ಅಲ್ಲ, ನೆಲ ಮುಟ್ಟಬಾರದು ತಾನೇ? ಎತ್ತರದ ಸ್ಟೂಲ್ ಒಂದು ಪಕ್ಕಕ್ಕೆ ಇಟ್ಕೊಳ್ಳಿ. ಮೇಲೊಂದು ಮಡಿಚಿದ ಬಟ್ಟೆ ಹಾಸಿ. ತಕರಾರು ಮಾಡೋರು ಮಾಡ್ಕೊಳ್ಳಲಿ, ಬಟ್ಟು ಅಲ್ಲಿ ಕೂತಿರುತ್ತೆ. ಹಾಗೇ ಇನ್ನೊಂದು ಗಿಡ್ಡ ಸ್ಟೂಲ್ ಗುಂಡಿಯೊಳಗೆ. ಹತ್ತುವಾಗ ಕಾಲಿಡೋಕೆ."

ತಕ್ಕಡಿಯಪ್ಪ ಯೋಚಿಸಿ ನೋಡಿದ. ಗುರು ಸ್ಟೂಲಿನ ಮಾತೇ ಎತ್ತಿರಲಿಲ್ಲ. ಬೇಡ ಎಂದೂ ಅಂದಿರಲಿಲ್ಲ. "ಇಷ್ಟು ವರ್ಷ ಯಾಕೆ ಹೇಳಿಲ್ಲ ನೀನು?"

"ನೀವು ಎರಡು ಅಂತಿದ್ರಿ. ಎರಡಕ್ಕೆ ಯಾರು ಸ್ಟೂಲ್ ಮಾಡಿಸ್ತಾರೆ?"

ಮಾತ್ರೆಯಮ್ಮ ಹೆಂಡತಿಯ ಕಡೆ ನೋಡಿ, "ಮುಂದಿನ ವಾರದಿಂದ ನೀವು ಮೇಜಿನ ಈ ಕಡೆ ಬನ್ನಿ ಅಮ್ಮ," ಎಂದಳು.

ಡಾಕ್ಟರಮ್ಮ ಆ ದಿನವೂ ಹೂಂ ಎನ್ನಲಿಲ್ಲ. ಮೇಷ್ಟ್ರು ಆಸ್ಪತ್ರೆಯ ಹಿತ್ತಿಲಿನ ಮೆಟ್ಟಿಲಲ್ಲಿ ಅವನನ್ನು ಮೂರು ವಾರ ಹತ್ತಿಸಿ ಇಳಿಸಿದರು. ಮೊದಲು ಸಾದಾ ಮೆಟ್ಟಿಲಿಗೆ, ಆಮೇಲೆ ಮಂಡಿಯಷ್ಟು ಎತ್ತರದ ಕಟ್ಟೆಗೆ. ಏದುಸಿರು ಬಂದರೆ ನಿಲ್ಲಿಸುವುದಲ್ಲ, ಬರುವ ಮುಂಚೆಯೇ ನಿಲ್ಲಿಸಬೇಕು ಎನ್ನುವುದೊಂದು ಅವನ ತಲೆಗೆ ಹತ್ತುವುದು ಕಷ್ಟವಾಯಿತು. ಕೆಲಸ ಮುಗಿಸಿಯೇ ಕೂರುವ ಜಾತಿ ಅವನದು. ಸಿಸ್ಟರ್ ಹೋಗಿಬರುವಾಗಲೆಲ್ಲ, "ಪಾತ್ರೆ ಸಮೇತ?" ಎಂದು ಕೇಳುತ್ತಿದ್ದರು. ಕೆಲವು ದಿನ ಆರು, ಕೆಲವು ದಿನ ಏಳು, ಒಂದು ಕೆಟ್ಟ ದಿನ ಎಂಟು. ಆ ಎಂಟರ ದಿನವೂ ಇನ್ನೊಂದು ಮಾತ್ರೆ ಬಾಯಿಗೆ ಹೋಗಲಿಲ್ಲ. ಹೆಂಡತಿ ಕಾವಲಿದ್ದಳು.

ಕೊನೆಗೆ ಡಾಕ್ಟರಮ್ಮ ಮೇಜಿನ ಸುತ್ತ ಒಬ್ಬೊಬ್ಬರನ್ನೇ ನೋಡಿದಳು. ಮೇಷ್ಟ್ರು ತಲೆಯಾಡಿಸಿದರು. ಮಾತ್ರೆಯಮ್ಮ ತಲೆಯಾಡಿಸಿದಳು. ಸಿಸ್ಟರ್, "ನಡುವೆ ಒಂದು ಸಲ ಮೇಲೆ ಬಂದು ಕೂತ್ರೆ ಮಾತ್ರ," ಎಂದರು. ನಾಲ್ಕನೆಯದಾಗಿ ಡಾಕ್ಟರಮ್ಮ ಹೂಂ ಎಂದು ಬಿಡುತ್ತಾಳೆ ಎಂದುಕೊಂಡ ತಕ್ಕಡಿಯಪ್ಪ. ಅವಳು ಅವನ ಕಡೆಗೆ ತಿರುಗಿ, "ನೀವೇನಂತೀರಿ?" ಎಂದಳು.

ಮುಳ್ಳು ಯಾರು ಎಂದು ಅವನಿಗೆ ಆಗ ಹೊಳೆಯಿತು. ಕಣ್ಣುಮುಚ್ಚಿ ತನ್ನ ಸೊಂಟವನ್ನು ಒಮ್ಮೆ ಓದಿಕೊಂಡು, "ಹೂಂ," ಎಂದ.

ಹಲಗೆ ಎತ್ತಿದ ದಿನ ಮಾರುಕಟ್ಟೆಯಲ್ಲಿ ಜನ ಜಾತ್ರೆಯಾಗಿ ಸೇರಿದರು. ಹೋದ ವರ್ಷ ಎತ್ತಿದ್ದ ಇಬ್ಬರು ಹಮಾಲರು ತೋಳು ಮಡಚಿಕೊಂಡು ಹತ್ತಿರವೇ ನಿಂತಿದ್ದರು. ಪರೀಕ್ಷೆಯ ಹೊತ್ತಿಗೆ ಎಂದಿನಂತೆ ತಕರಾರಾಯಿತು, ಚಹಾ ಬಂತು. ಬಟ್ಟು ಎತ್ತರದ ಸ್ಟೂಲಿನ ಮೇಲೆ, ಮಡಿಚಿದ ಬಟ್ಟೆಯ ಮೇಲೆ, ಧಣಿಗಿಂತ ಠೀವಿಯಾಗಿ ಕೂತಿತ್ತು. ತಕ್ಕಡಿಯಪ್ಪ ಗುಂಡಿಗಿಳಿದ. ಎರಡು ಮೂಲೆ ಮುಗಿಸಿ, ನೋವು ಇನ್ನೂ ಏರದಿರುವಾಗಲೇ, ಮೇಲೆ ಬಂದು ಕೂತ. ಜನ ಗುಸುಗುಸು ಎಂದರು. "ಆಗೋಯ್ತು, ಮುದುಕನ ಕೈಲಿ ಇನ್ನಾಗಲ್ಲ," ಎಂದ ಯಾರೋ. ತಿರುಗಿ ಏನಾದರೂ ಅನ್ನಬೇಕೆಂದು ಅವನಿಗೆ ನಾಲಿಗೆ ತುದಿಗೆ ಬಂತು. ಹೆಂಡತಿ ನೀರಿನ ಲೋಟ ಕೈಗಿಟ್ಟಳು. ಕುಡಿದು, ಮತ್ತೆ ಇಳಿದು, ಉಳಿದ ಎರಡು ಮೂಲೆಯ ಧೂಳು ತೆಗೆದು ಎಣ್ಣೆ ಒರೆಸಿದ.

ಹತ್ತುವಾಗ ಗಿಡ್ಡ ಸ್ಟೂಲಿನ ಮೇಲೆ ಒಂದು ಕಾಲಿಟ್ಟು, ಕಲ್ಲಿನ ಅಂಚಿಗೆ ಎರಡೂ ಅಂಗೈ ಊರಿ, ಉಸಿರು ಬಿಡುತ್ತ ಮೆಲ್ಲಗೆ ಎದ್ದ. ಹಮಾಲರು ಕೈ ಮುಂದೆ ಮಾಡಿದರು. ಅವನು ಬೇಡ ಎಂದು ತಲೆಯಾಡಿಸಿದ. ಮಂಡಿ ಅಂಚಿಗೆ ಬಂತು, ಆಮೇಲೆ ಇನ್ನೊಂದು ಮಂಡಿ. ನಿಂತುಕೊಳ್ಳಲು ಸ್ವಲ್ಪ ಹೊತ್ತೇ ಹಿಡಿಯಿತು. ಆದರೆ ನಿಂತ.

ಧಣಿ ಹಲಗೆ ಮುಚ್ಚಿಸಿ, ಮೊದಲ ಮೂಟೆ ತರಿಸಿದ.

ಹೆಂಡತಿ ಹತ್ತಿರ ಬಂದು ಅವನ ಅಂಗಿಯ ಧೂಳು ಕೊಡವಿದಳು. "ಎಷ್ಟ್ರೀ?"

"ಏಳು."

"ಪಾತ್ರೆ ಸಮೇತ ತಾನೇ?"

"ಪಾತ್ರೆ ಸಮೇತ."

"ಸರಿ, ಆ ಸ್ಟೂಲ್ ನಾನು ಎತ್ಕೋತೀನಿ. ನೀವು ಬಟ್ಟು ಪೆಟ್ಟಿಗೇಲಿಟ್ಟು ಬರಿಗೈಲಿ ನಡೀರಿ," ಎಂದಳು ಅವಳು. ಹಮಾಲರು ಪೆಟ್ಟಿಗೆ ಎತ್ತಿಕೊಂಡರು. ತಕ್ಕಡಿಯಪ್ಪ ಎರಡು ಹೆಜ್ಜೆ ಇಟ್ಟು ನಿಂತ. ಬಲಗೈ ತಾನಾಗಿ ಸೊಂಟದ ಕಡೆ ಹೋಗಿ, ಹಿಡಿಯಲು ಏನೂ ಸಿಗದೆ, ಸುಮ್ಮನೆ ಜೋತುಬಿತ್ತು. ಅದು ಹಾಗೆ ಜೋಲಾಡುವುದನ್ನೇ ನೋಡುತ್ತ ಅವನು ಮನೆಯ ಕಡೆ ನಡೆದ.